ಮುಚ್ಚಳ ತೆಗೆಯದ ಕ್ಲಿಕ್

ಅಪ್ಪಾ,

ಹೊಟ್ಟೆಕಿಚ್ಚು ಪಡಬೇಡ. ನೀನು ಏಳು ವರ್ಷ ಕಾದ ಮರಕುಟಿಗ ಇವತ್ತು ಬೆಳಿಗ್ಗೆ ನಮ್ಮ ಹಿತ್ತಲಿಗೆ ಬಂತು. ಹಕ್ಕಿಗಳಿಗೆಂದು ನೀನು ನೇತುಹಾಕಿದ ಕಾಳಿನ ತಟ್ಟೆಯಿಂದ ಗುಬ್ಬಿಗಳನ್ನೆಲ್ಲ ಓಡಿಸಿ, ಕಡಲೆಬೀಜದ ಮುಂದೆ ಮನೆ ಯಜಮಾನನ ಹಾಗೆ ಕೂತಿತು. ಆ ಕೆಂಪು ಜುಟ್ಟಿನ ಜಂಬ ನೋಡಬೇಕಿತ್ತು ನೀನು.

ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ. ಅಮ್ಮನ ಹೊಸ ಪರದೆಗೆ ನೀನು ಕತ್ತರಿ ಹಾಕಿ ಮಾಡಿದ್ದ ತೂತಿನಲ್ಲೇ ನಿನ್ನ ಕ್ಯಾಮೆರಾದ ಲೆನ್ಸ್ ಇಟ್ಟೆ. ಹಕ್ಕಿಗೆ ಸದ್ದು ಅಭ್ಯಾಸವಾಗಲೆಂದು, ನೀನು ಕಲಿಸಿದಂತೆ, ಮೊದಲ ಸಲ ಮುಚ್ಚಳ ತೆಗೆಯದೆಯೇ ಕ್ಲಿಕ್ ಮಾಡಿದೆ. ಮರಕುಟಿಗ ಕತ್ತೆತ್ತಿ ನೋಡಿ, ಮತ್ತೆ ಬೀಜಕ್ಕೆ ಬಾಯಿ ಹಾಕಿತು. ಮುಚ್ಚಳ ತೆಗೆದು ಎರಡನೆಯದು ಒತ್ತಿದೆ. ಕಣ್ಣಿನೊಳಗಿನ ಬೆಳಕಿನ ಚುಕ್ಕಿ ಸಮೇತ ಸಿಕ್ಕಿದೆ. ನಿನ್ನ ಯಾವ ಫೋಟೋಗೂ ಕಮ್ಮಿಯಿಲ್ಲ, ಬೇಕಿದ್ದರೆ ಅಮ್ಮನನ್ನೇ ಕೇಳು.

ಅಮ್ಮ ಕ್ಯಾಮೆರಾದಲ್ಲಿ ಅದನ್ನು ನೋಡಿ, "ನಿಮ್ಮಪ್ಪ ಇದ್ದಿದ್ರೆ ಕುಣಿದಾಡ್ತಿದ್ರು," ಎಂದಳು. ಹಳೆಯ ಚಿತ್ರಗಳನ್ನು ಸರಿಸುತ್ತಾ ಹೋಗಿ ಒಂದು ಕಡೆ ನಿಂತಳು. "ಇದೇನೋ, ಬರೀ ಕಪ್ಪು? ಅಳಿಸಬಾರ್ದಾ?"

ಅದು ಆಸ್ಪತ್ರೆಯದು. "ನಂದೂ ಒಂದು ತೆಗಿಯೋ," ಎಂದಿದ್ದೆ ನೀನು. "ಮೊದ್ಲು ನಿಂಗೆ ಸದ್ದು ಅಭ್ಯಾಸ ಆಗ್ಲಿ," ಎಂದು ನಾನು ಮುಚ್ಚಳ ತೆಗೆಯದೆ ಒತ್ತಿದೆ. ನೀನು ಜೋರಾಗಿ ನಕ್ಕೆ. ಅಷ್ಟರಲ್ಲಿ ನರ್ಸ್ ಬಂದು ನಿನ್ನನ್ನು ಆಪರೇಷನ್ನಿಗೆ ಕರೆದೊಯ್ದರು. ಮುಚ್ಚಳ ತೆಗೆದು ಒತ್ತಬೇಕಿದ್ದ ಎರಡನೆಯದು ಹಾಗೇ ಉಳಿದುಹೋಯಿತು.

"ಇರ್ಲಿ ಬಿಡಮ್ಮ," ಎಂದೆ. "ಅದ್ರಲ್ಲಿ ಅಪ್ಪ ನಗ್ತಿದಾನೆ."