ಒಂಬತ್ತು ವರ್ಷದ ‘ಅತ್ಯುತ್ತಮ’

ಇರ್ಬಿದ್, ಜೂನ್ ೯, ಸೋಮವಾರ

ನಾಳೆ ಹತ್ತಕ್ಕೆ ಗಣಿತದ ಶಿಕ್ಷಕಿ ರುದೈನಾ ನನ್ನೆದುರು ಕೂರುತ್ತಾಳೆ. ಅವಳ ಮೌಲ್ಯಮಾಪನದ ಹಾಳೆ ಇನ್ನೂ ಖಾಲಿಯಿದೆ.

ಇಂದು ನಮ್ಮಂಥ ಮುಖ್ಯಶಿಕ್ಷಕಿಯರಿಗೆ ವರ್ಷಾಂತ್ಯದ ಮೌಲ್ಯಮಾಪನದ ತರಬೇತಿ ಇತ್ತು. ತರಬೇತುದಾರ ನಿದಾಲ್ ನನ್ನ ಹಳೆಯ ಕಡತ ತಿರುವಿ, “ಮೈಸೂನ್ ಮೇಡಂ, ಹನ್ನೆರಡು ಜನ ಶಿಕ್ಷಕಿಯರಿಗೂ ‘ಅತ್ಯುತ್ತಮ’! ನಿಮ್ಮ ಶಾಲೇಲಿ ದೇವದೂತರು ಪಾಠ ಮಾಡ್ತಾರಾ?” ಎಂದ. ಎಲ್ಲರೂ ನಕ್ಕರು. ಪಕ್ಕದ ಶಾಲೆಯ ಉಮ್ ಕುತೈಬಾ, “ನಗೋರ ಕಡತಾನೂ ತೆಗೆಸಿ ನೋಡು ಮಾರಾಯ್ತಿ” ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು.

ಮನಸ್ಸು ನೋಯಿಸಬಾರದೆಂದು ಎಲ್ಲರೂ ಹೀಗೇ ಬರೆಯುತ್ತೇವೆ. ಆದರೆ ಶಿಕ್ಷಕಿಯರ ತರಬೇತಿಗೆ ಇಲಾಖೆ ಆರಿಸುವುದು ಕಡಿಮೆ ಅಂಕ ಪಡೆದವರನ್ನು ಮಾತ್ರ. ಮೂರು ವರ್ಷದ ಹಿಂದೆ ರುದೈನಾ ನನ್ನ ಮೇಜಿನ ಮೇಲೆ ಚಹಾ ಇಟ್ಟು, “ಭಿನ್ನರಾಶಿ ಹೇಳ್ಕೊಡೋಕೆ ನನಗೇ ಸರಿಯಾಗಿ ಬರ್ತಿಲ್ಲ, ತರಬೇತಿಗೆ ಕಳಿಸಿ” ಎಂದು ಕೇಳಿದ್ದಳು. “ಹೋಗೇ, ನಿನಗ್ಯಾಕೆ!” ಎಂದು ನಕ್ಕು, ಆ ವರ್ಷವೂ ‘ಅತ್ಯುತ್ತಮ’ ಎಂದೇ ಬರೆದಿದ್ದೆ.

ಈ ವರ್ಷ ಅವಳ ತರಗತಿಯ ಅರ್ಧಕ್ಕರ್ಧ ಹುಡುಗಿಯರು ಫೇಲಾಗಿದ್ದಾರೆ. ನಾಳೆ ‘ದುರ್ಬಲ’ ಎಂದು ಬರೆಯಲೇಬೇಕು. ಅವಳು ಇಲಾಖೆಗೆ ದೂರು ಕೊಟ್ಟರೆ, ನನ್ನ ಸಹಿಯಿರುವ ಒಂಬತ್ತು ವರ್ಷದ ‘ಅತ್ಯುತ್ತಮ’ಗಳೇ ಸಾಕ್ಷಿ, ನನ್ನ ಹುದ್ದೆ ಹೋಗಬಹುದು. ಅದಕ್ಕಿಂತ ಹೆಚ್ಚಿನ ಹೆದರಿಕೆ ಇನ್ನೊಂದಿದೆ. ದೂರು ಗೀರು ಏನೂ ಕೊಡದೆ, ಆ ಹಾಳೆಯನ್ನು ಓದಿ ಮುಗಿಸಿ, “ಅವತ್ತು ನಾನೇ ಬಂದು ಕೇಳಿದ್ದೆನಲ್ಲ?” ಎಂದು ಮೆಲ್ಲಗೆ ಅಂದುಬಿಟ್ಟರೆ?