ಯಾರ ಕೈಯ ಮರಿ?

ಲಾಯದ ಪಕ್ಕದ ಅಡುಗೆಮನೆಯಿಂದ,
ಮಾರ್ಚ್ ೧೭, ಶುಕ್ರವಾರ

ಪ್ರೀತಿಯ ತಮ್ಮಾ,

ನಿನ್ನ ಕೆಮ್ಮು ಹೇಗಿದೆ? ಆ ದೊಡ್ಡ ಲಾಯದಲ್ಲಿ ಹುಲ್ಲಿನ ಧೂಳು ವಿಪರೀತ ಎಂದು ಬರೆದಿದ್ದೆ. ಮೂಗಿಗೆ ಬಟ್ಟೆ ಕಟ್ಟಿಕೋ. ಜೊತೆಯವರು ನಕ್ಕರೆ ನಗಲಿ, ಎದೆ ಕಟ್ಟಿದಾಗ ಅವರೇನೂ ಬಂದು ಬಿಸಿನೀರು ಕಾಯಿಸಿ ಕೊಡುವುದಿಲ್ಲ. ಇಲ್ಲಿ ನಾವು ಇದ್ದ ಹಾಗೇ ಇದ್ದೇವೆ. ನನ್ನ ಮಂಡಿ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನಿನ್ನ ಭಾವ ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುತ್ತಾರೆ. ನಾನೂ ಪುಣ್ಯ ಬರಲಿ ಎಂದು ಹುಡುಕಿಕೊಡುತ್ತೇನೆ. ನಮ್ಮ ಬೂದಿ ಕುದುರೆ ಸೋಮವಾರ ಹೆಣ್ಣು ಮರಿ ಹಾಕಿದಳು. ಹನ್ನೊಂದು ತಿಂಗಳು ಹೊತ್ತವಳು, ನಾನು ಒಂದು ಲೋಟ ಚಹಾ ಕುಡಿದು ಬರುವಷ್ಟರಲ್ಲಿ ಹೆತ್ತು ಮುಗಿಸಿದ್ದಳು. ಮರಿ ಗಂಟೆಯೊಳಗೆ ಎದ್ದು ನಿಂತಿತು, ನಾಲ್ಕು ಕಾಲನ್ನೂ ನಾಲ್ಕು ಮನೆಯಿಂದ ಎರವಲು ತಂದ ಹಾಗೆ. ಹಾಲು ಹುಡುಕಲು ಅಮ್ಮನ ಮುಂಗಾಲು, ಗೋಡೆ, ನನ್ನ ಸೆರಗು ಎಲ್ಲ ಚೀಪಿ ನೋಡಿ ಕೊನೆಗೆ ಸರಿಯಾದ ಜಾಗಕ್ಕೆ ಬಂತು. ಮೊದಲ ಲದ್ದಿಯೂ ಸಲೀಸಾಗಿ ಆಯಿತು. ನೀನಿದ್ದಿದ್ದರೆ ಕುಣಿಯುತ್ತಿದ್ದೆ.

ಆದರೆ ಈ ಮರಿಯನ್ನು ಯಾರ ಕೈಗೆ ಕೊಡುವುದೆಂದು ತಿಳಿಯದೆ ನಾಲ್ಕು ದಿನದಿಂದ ಒದ್ದಾಡುತ್ತಿದ್ದೇನೆ. ಅಪ್ಪ ಹಾಕಿಕೊಟ್ಟ ಪದ್ಧತಿಯನ್ನು ನಿನಗೆ ಹೇಳಿಕೊಡಬೇಕಾಗಿಲ್ಲ. ಆದರೂ ಹೇಳುತ್ತೇನೆ, ಮರೆತವನಂತೆ ನಡೆದುಕೊಂಡಿದ್ದೀಯಲ್ಲ, ಅದಕ್ಕೆ. ಹುಟ್ಟಿದ ಮರಿಗೆ ಮೊದಲ ವರ್ಷ ಒಂದೇ ಕೈ. ಆ ಕೈಯೇ ಅದರ ಎದೆಗೂ ತೊಡೆಗೂ ತೋಳು ಬಳಸಿ ನಿಲ್ಲಿಸಬೇಕು, ಕಿವಿ ಮುಟ್ಟಬೇಕು, ದಿನಕ್ಕೊಮ್ಮೆ ನಾಲ್ಕೂ ಗೊರಸು ಎತ್ತಿ ಇಳಿಸಬೇಕು, ಮುಖಕ್ಕೆ ಹಗ್ಗ ಹಾಕಿ ಅಮ್ಮನ ಹಿಂದೆ ನಡೆಸಬೇಕು. ಜೇಬಿನಿಂದ ತಿನ್ನಲು ಕೊಡಬಾರದು, ಮೈಮೇಲೆ ಬಂದರೆ ಹಿಂದೆ ಸರಿಸಬೇಕು. "ಮರಿ ನಮ್ಮನ್ನ ನಂಬಬೇಕು ಕಣ್ರೋ, ಆದ್ರೆ ಅದು ನಮ್ಮನ್ನೂ ಕುದುರೆಗಳೇ ಅಂದ್ಕೋಬಾರ್ದು" ಎನ್ನುತ್ತಿದ್ದರು ಅಪ್ಪ. ಕೊಳ್ಳಲು ಬಂದವರು ನಮ್ಮಲ್ಲಿ ತಂದೆ ಕುದುರೆ ಯಾವುದು ಎಂದು ಕೇಳುವ ಮೊದಲು "ಯಾರ ಕೈಯ ಮರಿ?" ಎಂದು ಕೇಳುತ್ತಾರೆ. ಮೂವತ್ತು ವರ್ಷ ಆ ಪ್ರಶ್ನೆಗೆ ಒಂದೇ ಉತ್ತರವಿತ್ತು. ನಮ್ಮ ಲಾಯ ನೋಡಿಕೊಳ್ಳುತ್ತಿದ್ದ ಗೊರಸಜ್ಜನ ಕೈ. ಆ ಹೆಸರು ಕೇಳಿದ ಮೇಲೆ ಯಾರೂ ಹಲ್ಲು ಎಣಿಸುತ್ತಿರಲಿಲ್ಲ.

ನೆಂಟನೂ ಅಜ್ಜನ ಕೈಯ ಮರಿಯೇ. ಹೇಳಿದ ದಿನಕ್ಕಿಂತ ಮೂರು ವಾರ ಮೊದಲೇ ಹುಟ್ಟಿ, ನೆಂಟನ ಹಾಗೆ ಬಂದು ಜೋಳಿಗೆ ಇಳಿಸಿದನೆಂದು ಆ ಹೆಸರಿಟ್ಟವನು ನೀನೇ. ಐದು ತಿಂಗಳ ಹಿಂದೆ ಮಗಳಿಗೆ ಕೊಳ್ಳಲೆಂದು ಅವನನ್ನು ನೋಡಲು ಬೇಕರಿಯಮ್ಮ ಬಂದ ದಿನ ನಿನಗೆ ನೆನಪಿದೆ. ಅಂಗಳದ ತುಂಬ ಜನ. ಪಶುವೈದ್ಯರು ಸೂಜಿ ಹಾಕಲು ಬಂದಿದ್ದರು, ಹುಲ್ಲಿನ ಗಾಡಿಯವರು, ಪಕ್ಕದ ತೋಟದವರು. ಬೇಕರಿಯಮ್ಮ ಒಲೆಯ ಮುಂದಿನಿಂದ ನೇರವಾಗಿ ಬಂದಿದ್ದರು. ನೆಂಟನ ಮುಂದೆ ನಿಂತು, "ಅಯ್ಯೋ, ಮೈಯೆಲ್ಲಾ ಹಿಟ್ಟು! ಇವ್ನಿಗೆ ನನ್ನ ಕಂಡು ಭಯ ಆಗಲ್ವಾ?" ಎಂದು ನಗುತ್ತಾ ಎರಡೂ ಕೈಯಿಂದ ತಮ್ಮ ಎರಡೂ ಹೆಗಲು ಕೊಡವಿಕೊಂಡರು. ನೆಂಟ ಹಿಂಗಾಲ ಮೇಲೆ ಎದ್ದ. ಮುನ್ನೂರು ಕಿಲೋದ ಪ್ರಾಣಿ ಆ ಹೆಂಗಸಿನ ಹೆಗಲ ಮೇಲೆ ಎರಡು ಗೊರಸು ಇಟ್ಟ. ಮೂಳೆ ಮುರಿದ ಸದ್ದು ನನಗೆ ಈಗಲೂ ಕೇಳುತ್ತದೆ. ಅವರ ಮಗಳು ಅಲ್ಲಿ ನಿಂತಿರಲಿಲ್ಲ ಎಂಬುದೊಂದೇ ನಮ್ಮ ಪುಣ್ಯ.

ಆಗ ನಾನು ಏನು ಮಾಡಿದೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದೆ. ಹತ್ತು ಜನರ ಮುಂದೆ, "ಅಜ್ಜಾ, ನಿನ್ ಕೈ ಕೆಟ್ಟೋಯ್ತು. ಇನ್ನು ಈ ಲಾಯದಲ್ಲಿ ಒಂದು ಮರೀನೂ ಮುಟ್ಬೇಡ" ಎಂದೆ. ಅಜ್ಜ ಸೊಂಟದ ಪಟ್ಟಿಯಿಂದ ಗೊರಸು ಕೆರೆಯುವ ಚಾಕು ಬಿಚ್ಚಿ ಬಾವಿಕಟ್ಟೆಯ ಮೇಲಿಟ್ಟ. ನೀನು ಗೇಟು ಹಿಡಿದು ನಿಂತಿದ್ದೆ. ಮುಖ ಬಿಳಿಚಿಕೊಂಡಿತ್ತು. ಪಾಪ, ಅಜ್ಜನ ಮೇಲೆ ಎಷ್ಟು ಜೀವ ಇವನಿಗೆ ಎಂದುಕೊಂಡೆ ನಾನು! ಮರುದಿನ ಅವನ ಪೆಟ್ಟಿಗೆ ಹೊತ್ತು ಬಸ್ ನಿಲ್ದಾಣದವರೆಗೆ ಹೋದವನೂ ನೀನೇ. ತಿಂಗಳು ಕಳೆದ ಮೇಲೆ, ನಿನಗೆ ಈ ಕೆಲಸ ಸಿಗಲೆಂದು, ಇವನು ಪಳಗಿಸಿದ ಮರಿಯ ಹೊಟ್ಟೆಯಡಿ ಮಗು ತೂರಿದರೂ ಅದು ಅಲುಗಾಡದು ಎಂದು ನಿನ್ನ ಯಜಮಾನರಿಗೆ ನಾನೇ ಕಾಗದ ಬರೆದುಕೊಟ್ಟೆ. ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು ನನ್ನ ಕಾಲಿಗೆ ನಮಸ್ಕಾರ ಮಾಡಿದೆ.

ಈ ಬುಧವಾರ ಹುಲ್ಲು ಬಂತು. ಚಳಿಯಿತ್ತು, ಬಾಗಿಲ ಹಿಂದೆ ನೀನು ಬಿಟ್ಟುಹೋದ ಕಂದು ಕೋಟು ನೇತಾಡುತ್ತಿತ್ತು, ಹಾಕಿಕೊಂಡೆ. ಹೊರೆ ಇಳಿಸಿದ ಮೇಲೆ ಹಿತ್ತಲ ಬೇಲಿಯ ಪಕ್ಕ ನಿಂತು ಹೆಗಲ ಮೇಲಿನ ಹೊಟ್ಟು ಕೊಡವಿದೆ. ಆ ದಿನದಿಂದ ಒಂಟಿಯಾಗಿ ಹಿತ್ತಲಲ್ಲಿರುವ ನೆಂಟ ಬೇಲಿಯ ಆಚೆಯಿಂದ ಓಡಿಬಂದು ಎದ್ದು ನಿಂತ. ತಮ್ಮಾ, ಸಿಟ್ಟಿನ ಕುದುರೆ ಕಿವಿಯನ್ನು ಹಿಂದಕ್ಕೆ ಒತ್ತುತ್ತದೆ. ಇವನ ಕಿವಿ ಎರಡೂ ನೆಟ್ಟಗೆ ಮುಂದಕ್ಕಿತ್ತು. ಪದ್ಯ ತಪ್ಪಿಲ್ಲದೆ ಒಪ್ಪಿಸಿದ ಮಗುವಿನ ಮುಖ. ಗೊರಸನ್ನು ಬೇಲಿಯ ಅಡ್ಡಮರಕ್ಕಿಟ್ಟು, ಕತ್ತು ಚಾಚಿ, ಕೋಟಿನ ಎಡಜೇಬಿಗೆ ಮೂತಿ ತೂರಿಸಿದ. ಬಲಜೇಬಿನ ಕಡೆ ನೋಡಲೂ ಇಲ್ಲ. ನಾನು ಕೈ ಹಾಕಿದೆ. ಬೆರಳಿಗೆ ಸಕ್ಕರೆ ಅಂಟಿತು. ಮತ್ತೆ ಎರಡು ಸಲ ಹೆಗಲು ತಟ್ಟಿ ನೋಡಿದೆ. ಎರಡು ಸಲವೂ ಎದ್ದ. ಅಲ್ಲೇ ಹುಲ್ಲಿನ ಹೊರೆಯ ಮೇಲೆ ಕುಳಿತುಬಿಟ್ಟೆ. ನಿನ್ನ ಭಾವ ಬಂದು "ಮಂಡಿ ನೋವಾ?" ಎಂದರು. ಹೌದು ಎಂದೆ.

ನಿನ್ನೆ ಅಜ್ಜನ ಮಗಳ ಮನೆಗೆ ಹೋಗಿದ್ದೆ. ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ, ಕಡಿದಾದ ಮೆಟ್ಟಿಲು. ಅಜ್ಜ ಕಿಟಕಿಯ ಪಕ್ಕ ಕುಳಿತು ಮೊಮ್ಮಗಳ ಚಪ್ಪಲಿಗೆ ಮೊಳೆ ಹೊಡೆಯುತ್ತಿದ್ದ. ಗೊರಸಿಲ್ಲದ ಕೈ ಏನು ಮಾಡೀತು? ನಾನು ಕೋಟಿನ ವಿಷಯ ಹೇಳಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. ನೆಂಟ ಮೂರು ತಿಂಗಳ ಮರಿಯಾಗಿದ್ದಾಗ ಹುಲ್ಲಿನ ಕೊಟ್ಟಿಗೆಯ ಹಿಂದೆ ನೀನು ಹೆಗಲು ತಟ್ಟಿ ಎಬ್ಬಿಸಿ ಸಕ್ಕರೆ ಕೊಡುವ ಈ ಆಟ ಆಡಿಸುವುದನ್ನು ಅವನು ನೋಡಿದ್ದನಂತೆ, ಬೈದಿದ್ದನಂತೆ. "ಈಗ ನಾಯಿಮರಿ ಥರ ಮುದ್ದಾಗಿರುತ್ತಪ್ಪಾ, ನಾಳೆ ಯಾರದ್ದಾದ್ರೂ ಜೀವ ತೆಗೆಯುತ್ತೆ" ಅಂದನಂತೆ. ನೀನು ಅವನ ಕೈ ಮುಟ್ಟಿ, ಇನ್ನು ಆಡಿಸಲ್ಲ, ಅಕ್ಕನಿಗೆ ಹೇಳ್ಬೇಡ ಎಂದೆಯಂತೆ. ಆಮೇಲೂ ಒಂದೂವರೆ ವರ್ಷ ಕದ್ದು ಆಡಿಸಿದೆ. ಕೊಟ್ಟಿಗೆಯ ಹಿಂದೆ ಯಾರೂ ಕಾಣದ ಜಾಗದಲ್ಲಿ ಅವನಿಗೊಂದು, ನಿನಗೊಂದು ಸಕ್ಕರೆ.

"ಹಾಗಾದ್ರೆ ಅವತ್ತು ಯಾಕೆ ಬಾಯಿ ಬಿಡ್ಲಿಲ್ಲ ಅಜ್ಜಾ?" ಎಂದು ಕೇಳಿದೆ. ಅವನು ಚಪ್ಪಲಿಯನ್ನೇ ನೋಡುತ್ತಾ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಅವನೇ ಹೇಳ್ತಾನೆ ಅಂತ ಕಾದೆ ಕಣಮ್ಮಾ. ಗೇಟ್ ದಾಟೋ ತನಕ ಕಾದೆ. ದಾರೀಲಿ ಹೇಳ್ತಾನೆ ಅಂದ್ಕೊಂಡೆ. ಬಸ್ ಹೊರಡೋ ತನಕ ಕಾದೆ. ಪೆಟ್ಟಿಗೆ ಮೇಲಿಟ್ಟು, ಹುಷಾರಾಗಿ ಹೋಗಜ್ಜಾ ಅಂದ."

ಹುಡುಗಾಟ ಯಾರು ಆಡಿಲ್ಲ? ನಾನೇ ಹತ್ತು ವರ್ಷದವಳಿದ್ದಾಗ ಮರಿಯೊಂದರ ಬಾಲಕ್ಕೆ ಜಡೆ ಹಾಕಿ ಒದೆ ತಿಂದವಳು. ಸಕ್ಕರೆಯನ್ನು ನಾನು ಕ್ಷಮಿಸಬಲ್ಲೆ. ನೆಂಟನ ತಪ್ಪು ಏನೂ ಇಲ್ಲ, ಅವನು ಕಲಿಸಿದ್ದನ್ನು ಮಾಡಿದ. ಆದರೆ ನಿನಗೆ ಅಂಥದ್ದನ್ನು ನಾವು ಯಾರು ಕಲಿಸಿದೆವು? ಅಪ್ಪ ಹೋದಾಗ ನೀನು ಆರು ವರ್ಷದವನು. ಅಜ್ಜ ನಿನ್ನನ್ನು ತನ್ನ ಹೆಗಲ ಮೇಲೆ ಕೂರಿಸಿಕೊಂಡು ಲಾಯ ಗುಡಿಸುತ್ತಿದ್ದ. ಆ ಮನುಷ್ಯನ ಪೆಟ್ಟಿಗೆಯನ್ನು ನೀನು ಹೊತ್ತೆ, ಅವನ ತಲೆ ಮೇಲೆ ನಿನ್ನ ತಪ್ಪು ಹೊರಿಸಿ. ಹೋದ ನಾಲ್ಕು ತಿಂಗಳಲ್ಲಿ ನನಗೆ ಒಂಬತ್ತು ಕಾಗದ ಬರೆದಿದ್ದೀ. ನಿನ್ನೆ ರಾತ್ರಿ ಎಲ್ಲ ತೆಗೆದು ಓದಿದೆ. ಒಂದರಲ್ಲೂ ಅಜ್ಜ ಹೇಗಿದ್ದಾನೆ ಎಂದು ಕೇಳಿಲ್ಲ. ಅದು ಮರೆವಲ್ಲ ಎಂದು ಈಗ ತಿಳಿಯಿತು.

ಅಜ್ಜನನ್ನು ವಾಪಸು ಬಾ ಎಂದು ಕರೆದೆ. ಕಾಲಿಗೆ ಬೀಳಲು ಹೋದೆ, ಬಿಡಲಿಲ್ಲ. "ಕೈ ಕೆಟ್ಟಿದೆ ಅಂತ ಹತ್ತು ಜನರ ಮುಂದೆ ಹೇಳಿದ್ರಿ. ಕೆಟ್ಟಿಲ್ಲ ಅಂತ ಒಬ್ರೇ ಬಂದು, ಬಾಗಿಲು ಮುಚ್ಕೊಂಡು ಹೇಳ್ತೀರಾ?" ಎಂದ. ನಾನು ಮೆಟ್ಟಿಲು ಇಳಿಯುವಾಗ ಹಿಂದಿನಿಂದ, "ಹೊಸ ಮರಿ ಹಾಲು ಚೆನ್ನಾಗಿ ಕುಡೀತಿದೆಯಾ?" ಎಂದು ಕೇಳಿದ. ಅಷ್ಟೇ.

ನಿನ್ನ ಯಜಮಾನರಿಗೆ ನಾನು ಏನೂ ಬರೆದಿಲ್ಲ, ಬರೆಯುವುದೂ ಇಲ್ಲ. ನಿನ್ನ ಭಾವನಿಗೆ ಎಲ್ಲ ಹೇಳಿದೆ, ನಿನ್ನ ಮೇಲೆ ಸಿಟ್ಟಿದೆ, ಆದರೂ ಕೆಮ್ಮಿನ ಔಷಧಿ ಕಟ್ಟಿಸಿಟ್ಟಿದ್ದಾರೆ. ಮೈ ಕಾಯ್ದುಕೋ. ನಿನ್ನ ಕೈಕಾಲು ಗಟ್ಟಿಯಾಗಿರಲಿ, ಅಲ್ಲಿಯ ಮರಿಗಳು ನಿನ್ನನ್ನು ಒದೆಯದಿರಲಿ. ಇದಕ್ಕಿಂತ ದೊಡ್ಡ ಆಶೀರ್ವಾದ ಇವತ್ತು ನನ್ನ ಬಾಯಿಂದ ಬರುತ್ತಿಲ್ಲ.

ಇಂತಿ,
ನಿನ್ನ ಅಕ್ಕ

ಇನ್ನೊಂದು ಮಾತು: ಅಂಚೆಯವನು ಗೇಟಿನಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಈ ಭಾನುವಾರವಲ್ಲ, ಮುಂದಿನ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅವತ್ತು ಅಂಗಳದಲ್ಲಿದ್ದವರನ್ನೆಲ್ಲ ಕರೆದಿದ್ದೇನೆ. ಬೇಕರಿಯಮ್ಮ, ವೈದ್ಯರು, ಗಾಡಿಯವರು, ತೋಟದವರು, ಎಲ್ಲರೂ ಬರುತ್ತಾರೆ. ಅಜ್ಜನನ್ನು ಕರೆತರಲು ನಿನ್ನ ಭಾವ ಹೋಗುತ್ತಾರೆ. ಎಲ್ಲರ ಮುಂದೆ ನನ್ನ ತಪ್ಪನ್ನು ನಾನು ಹೇಳುತ್ತೇನೆ. ನಿನ್ನದನ್ನು ಹೇಳುವುದಿಲ್ಲ. ನಾನು ಕುಳಿತ ಮೇಲೆ ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನೆ ಕಾಯುತ್ತೇವೆ. ಅಜ್ಜನಿಗೆ ಕಾಗದ ಬರೆದು ಮುಗಿಸೋಣ ಎಂದುಕೊಳ್ಳಬೇಡ. ಅವನಿಗೆ ಓದಲು ಬರುವುದಿಲ್ಲ, ಓದಿ ಹೇಳಲು ನಾನು ಒಪ್ಪುವುದಿಲ್ಲ. ಬಸ್ಸು ಒಂಬತ್ತೂವರೆಗೆ ಇಲ್ಲಿ ನಿಲ್ಲುತ್ತದೆ.