ಅವ್ವ, ಇವತ್ತು ಹುಳದ ಮನೆಗೆ ಹೋಗಬೇಡ

ಅವ್ವ,

ಇದನ್ನು ನೀನೇ ಓದು. ಪುಟ್ಟಿ ಕೈಲಿ ಓದಿಸಿದರೆ ಹೆದರಿಕೊಂಡು ಸ್ಕೂಲಿಗೆ ಹೋಗಲ್ಲ.

ನಾನು ಕೈ ಹಿಡಿದರೆ ಗಾಬರಿಗೇ ನಾಡಿ ಜೋರಾಗುತ್ತೆ ಅಂತ ವಾರದಿಂದ ವಾದ ಮಾಡಿದೆಯಲ್ಲ, ಅದಕ್ಕೇ ಈ ಬೆಳಿಗ್ಗೆ ನೀನು ಏಳುವ ಮುಂಚೆ ಎಣಿಸಿದೆ. ನಿದ್ದೆಯಲ್ಲೂ ನಿಮಿಷಕ್ಕೆ ನೂರಾ ನಾಲ್ಕು. ಹೋದ ತಿಂಗಳು ಎಪ್ಪತ್ತೆರಡಿತ್ತು. ಜ್ವರ ಇಲ್ಲ, ಬಿ.ಪಿ. ಸರಿಯಿದೆ. ಯಾಕೆ ಅಂತ ಊರಿನ ಡಾಕ್ಟರಿಗೂ ಗೊತ್ತಾಗಲಿಲ್ಲ. ಕನಕಪುರದಲ್ಲಿ ಇ.ಸಿ.ಜಿ. ಮಾಡಿಸಿ ಅಂದು ಎಂಟು ದಿನವಾಯಿತು.

ನಿನ್ನದು ಒಂದೇ ಮಾತು: "ಆಸ್ಪತ್ರೆ ಗಾಳಿ ರೇಷ್ಮೆ ಹುಳಕ್ಕೆ ಆಗಕಿಲ್ಲ ಕಣ್ಲಾ, ಗೂಡು ಕಟ್ಲಿ, ಆಮ್ಯಾಕೆ ಬತ್ತೀನಿ." ಹುಳ ಒಂದು ಹೊತ್ತು ಸೊಪ್ಪು ಕಮ್ಮಿ ತಿಂದರೆ ನೋಡಿದ ತಕ್ಷಣ ಹೇಳ್ತೀಯ. ನಿನ್ನ ಮುಖ ಕನ್ನಡಿಯಲ್ಲಿ ನೋಡಿಕೊಂಡಿದ್ದೀಯಾ?

ಕೂಗಾಡಿ ಕೂಗಾಡಿ ನನಗೂ ಸಾಕಾಗಿದೆ. ಹುಳದ ಮನೆಗೆ ಬೀಗ ಹಾಕಿದ್ದೀನಿ, ಕೀ ನನ್ನ ಜೇಬಿನಲ್ಲಿದೆ. ಬೆಳಗಿನ ಸೊಪ್ಪು ಹಾಕಿ ಆಯ್ತು. ಹಾರೋಹಳ್ಳಿ ಫ್ಯಾಕ್ಟರಿಗೆ ಹೋಗಿ ಸೂಪರ್‌ವೈಸರಿಗೆ ರಜಾ ಹೇಳಿ ಹತ್ತಕ್ಕೆ ವಾಪಸ್ ಬರ್ತೀನಿ. ಮಧ್ಯಾಹ್ನದ್ದೂ ನಾನೇ ಹಾಕ್ತೀನಿ. ಆಸ್ಪತ್ರೆ ಗಾಳಿ ನನಗೆ ತಾಗಿರಲ್ಲವಲ್ಲ.

ಒಂಬತ್ತಕ್ಕೆ ಸರಸಮ್ಮತ್ತೆ ಬರುತ್ತಾಳೆ. ಅವಳ ಜೊತೆ ಕನಕಪುರದ ಬಸ್ ಹತ್ತು. ಸೀಟು ಸಿಗದಿದ್ದರೆ ಮುಂದಿನ ಬಸ್ಸಿಗೆ ಹೋಗು, ನಿಂತುಕೊಂಡು ಹೋಗಬೇಡ. ಒಲೆ ಮೇಲೆ ಉಪ್ಪಿಟ್ಟಿದೆ, ತಳ ಒಸಿ ಸೀದಿದೆ, ಮೇಲಿಂದ ತಿನ್ನು.

ಡಾಕ್ಟರು ಎರಡು ದಿನ ಇರಿ ಅಂದರೆ ಇದ್ದುಬಿಡು. ನನ್ನ ಕೈಲಿ ಹುಳ ಹಾಳಾದರೆ ಮನೆಗೆ ಬಂದು ಎಷ್ಟು ಬೇಕಾದರೂ ಬೈಯಿ. ಬೈಯೋಕೆ ನೀನಿರಬೇಕು, ಅಷ್ಟೆ.

ಮಾದೇಶ